‘ಬಿಲ್ಲಿ ಜೀನ್’: ಅಭಿಮಾನಿಗಳ ಹುಚ್ಚು ಹಾಡಿನ ಮೇಲೋ, ಹೆಜ್ಜೆಯ ಮೇಲೋ?

ಪ್ರಶ್ನೆ

ಮೈಕೆಲ್ ಜಾಕ್ಸನ್ ಅವರ ‘ಬಿಲ್ಲಿ ಜೀನ್’ ಶುರುವಾದೊಡನೆ, ಅದು ಬಿಡುಗಡೆಯಾದಾಗ ಇನ್ನೂ ಹುಟ್ಟಿಯೇ ಇರದಿದ್ದವರು ಕೂಡ ಎದ್ದು ನಿಂತು ಕೂಗುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ, ನಾನೂ ಅದೇ ಗುಂಪಿನವನು. ಆದರೆ ಒಂದು ಅನುಮಾನ ಬಹಳ ದಿನಗಳಿಂದ ಕಾಡುತ್ತಿದೆ. ನಾವು ಮನಸೋತಿರುವುದು ಹಾಡಿಗೋ, ಅಥವಾ ಕಪ್ಪು ಟೋಪಿ, ಒಂದೇ ಕೈಯ ಮಿನುಗುವ ಗವಸು ಮತ್ತು ಹಿಂದಕ್ಕೆ ಜಾರುವ ಆ ಹೆಜ್ಜೆಗಳಿಗೋ? ಮೂನ್‌ವಾಕ್ ಎಂಬ ಆ ಹೆಜ್ಜೆ ಇಲ್ಲದಿದ್ದರೆ ಈ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾದ ಹಾಡು) ಇಷ್ಟು ಮೇಲೇರುತ್ತಿತ್ತೇ?

ಉತ್ತರ 1

ಮೇಲೇರುತ್ತಿತ್ತು ಎಂಬುದಕ್ಕೆ ದಿನಾಂಕಗಳೇ ಸಾಕ್ಷಿ. ಸಿಂಗಲ್ ಬಿಡುಗಡೆಯಾದದ್ದು 1983ರ ಜನವರಿಯಲ್ಲಿ. ಮಾರ್ಚ್ ಆರಂಭದಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ, ಏಳು ವಾರ ಅಲ್ಲಿಂದ ಕದಲಲಿಲ್ಲ. ಮೋಟೌನ್ ಎಂಬ ಸಂಗೀತ ಮುದ್ರಣ ಸಂಸ್ಥೆಯ 25ನೇ ವರ್ಷದ ಸಮಾರಂಭದಲ್ಲಿ ಜಾಕ್ಸನ್ ಮೂನ್‌ವಾಕ್ ಮಾಡಿದ್ದು ಟಿವಿಯಲ್ಲಿ ಪ್ರಸಾರವಾದದ್ದು ಮೇ 16ರಂದು. ಅಷ್ಟರಲ್ಲಿ ಈ ಹಾಡಿನ ಏಳು ವಾರಗಳ ಆಳ್ವಿಕೆ ಮುಗಿದೇ ಹೋಗಿತ್ತು. ಜನ ಹಾಡಿಗೆ ಮೊದಲೇ ಮರುಳಾಗಿದ್ದರು, ಹೆಜ್ಜೆ ಬಂದದ್ದು ಆಮೇಲೆ. ಇನ್ನು ಆ ಹೆಜ್ಜೆಯನ್ನು ಹುಟ್ಟುಹಾಕಿದವರೂ ಅವರಲ್ಲ, ಬೇರೆ ನರ್ತಕರು ಅದನ್ನು ಮೊದಲೇ ಮಾಡುತ್ತಿದ್ದರು. ಆದರೆ ಹಾಗೆಂದು ಅಭಿಮಾನಿಗಳ ಮುಂದೆ ಹೇಳಿ ನೋಡಿ!

ಉತ್ತರ 2

ಮೇಲಿನವರ ಲೆಕ್ಕ ಸರಿ. ಆದರೆ ಹುಚ್ಚು ಹಿಡಿಸಿದ್ದು ಏನು ಎಂಬುದನ್ನು ಕಿವಿಯಿಂದಲೇ ತಿಳಿಯಬೇಕು. ಮೊದಲು ಬರೀ ಡ್ರಮ್ಸ್, ಅದರ ಬೆನ್ನಿಗೆ ಸದ್ದಿಲ್ಲದೆ ನಡೆದುಬಂದಂತೆ ಬರುವ ಬೇಸ್, ಆಮೇಲೆ ಸಿಂಥಸೈಸರ್. ದನಿ ಕೇಳಿಸುವ ಹೊತ್ತಿಗೆ ಸುಮಾರು ಅರ್ಧ ನಿಮಿಷ ಕಳೆದಿರುತ್ತದೆ. ಈ ಪೀಠಿಕೆ ಬಹಳ ಉದ್ದವಾಯಿತೆಂದು ನಿರ್ಮಾಪಕ ಕ್ವಿನ್ಸಿ ಜೋನ್ಸ್ ಕತ್ತರಿಸಹೊರಟಾಗ, ತನಗೆ ಕುಣಿಯಬೇಕೆನಿಸುವುದೇ ಅದನ್ನು ಕೇಳಿದಾಗ ಎಂದು ಜಾಕ್ಸನ್ ಪಟ್ಟು ಹಿಡಿದರು. ಅಂದರೆ ಕುಣಿತ ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಆ ಅರ್ಧ ನಿಮಿಷದೊಳಗೇ ಇತ್ತು. ಧ್ವನಿಮುದ್ರಕ ಬ್ರೂಸ್ ಸ್ವೀಡಿನ್ ಹೇಳಿಕೊಂಡಿರುವಂತೆ, ಈ ಹಾಡನ್ನು 91 ಬಾರಿ ಮಿಕ್ಸ್ ಮಾಡಿ (ಬೇರೆಬೇರೆ ದನಿಗಳನ್ನು ಹದವಾಗಿ ಬೆರೆಸಿ), ಕೊನೆಗೆ ಎರಡನೆಯದನ್ನೇ ಆರಿಸಿಕೊಂಡರಂತೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ದಿನಾಂಕಗಳ ಮುಂದೆ ನನ್ನ ಅನುಮಾನ ಅರ್ಧ ಸೋತಿತು ಎಂದು ಒಪ್ಪುತ್ತೇನೆ. ಆದರೂ ಮೋಟೌನ್ ಸಮಾರಂಭದ ಆ ರಾತ್ರಿ ವೇದಿಕೆಯಲ್ಲಿ ಜಾಕ್ಸನ್ ಹಾಡಲೇ ಇಲ್ಲವಲ್ಲ, ಮುದ್ರಿತ ಹಾಡಿಗೆ ತುಟಿಯಾಡಿಸಿದರು. ಅಂದಮೇಲೆ ಜನ ಕೂಗಿದ್ದು ಕಣ್ಣಿಗೆ ಕಂಡದ್ದಕ್ಕೇ ಅಲ್ಲವೇ?

ಉತ್ತರ 3

ಆ ರಾತ್ರಿಯ ಮಟ್ಟಿಗೆ ನೀವು ಹೇಳುವುದು ನಿಜವಿರಬಹುದು. ನನಗೆ ಅದಕ್ಕಿಂತ ಸೋಜಿಗವೆನಿಸುವುದು ಬೇರೆ. ಈ ಹಾಡಿನ ನಾಯಕ, ತನ್ನ ಮಗುವಿಗೆ ನೀನೇ ತಂದೆ ಎಂದು ಬೆನ್ನುಬಿದ್ದ ಹೆಣ್ಣಿನಿಂದ ಬಿಡಿಸಿಕೊಳ್ಳಲಾಗದೆ ಒದ್ದಾಡುವವನು. ನಿಜವಾದ ಬಿಲ್ಲಿ ಜೀನ್ ಎಂಬವಳು ಇರಲೇ ಇಲ್ಲ, ತನ್ನ ಅಣ್ಣಂದಿರನ್ನು ವರ್ಷಗಟ್ಟಲೆ ಹೀಗೆ ಕಾಡಿದ ಹಲವರನ್ನು ಸೇರಿಸಿ ಆ ಪಾತ್ರ ಮಾಡಿದೆ ಎಂದು ಜಾಕ್ಸನ್ 1988ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಂದರೆ ಇದು ಅತಿಯಾದ ಅಭಿಮಾನಕ್ಕೆ ಹೆದರಿದ ಹಾಡು, ಮತ್ತು ಅಭಿಮಾನಿಗಳು ಅತಿಯಾಗಿ ಕಿರುಚುವುದು ಇದೇ ಹಾಡಿಗೆ. ಮುಂದಿನ ಸಲ ಚಿತ್ರವಿಲ್ಲದೆ, ಬರೀ ಹೆಡ್‌ಫೋನಿನಲ್ಲಿ ಕೇಳಿ ನೋಡಿ. ಪದಗಳ ನಡುವೆ ಅವರು ಬಿಕ್ಕುವ ಹಾಗೆ ಉಸಿರೆಳೆಯುವುದನ್ನು ನಾವು ಇಷ್ಟು ದಿನ ಸ್ಟೈಲ್ ಎಂದುಕೊಂಡಿದ್ದೆವು. ನನಗೆ ಈಗೀಗ ಅದು ಭಯದ ಹಾಗೆ ಕೇಳಿಸುತ್ತದೆ.