‘ತೆರವು’ ಯಾರಿಗೆ? ‘ಪಾರುಗಾಣಿಸು’ ಆದೀತೆ?

ಪ್ರಶ್ನೆ: 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಕಾಳಗ ಹತ್ತಿಕೊಂಡ ಮೇಲೆ ಅಲ್ಲಿ ಸಿಲುಕಿದ್ದ ಭಾರತೀಯರನ್ನು ಕರೆತರಲು ಭಾರತ ನಡೆಸಿದ ‘ಆಪರೇಷನ್ ಕಾವೇರಿ’ ಕುರಿತ ಬರಹವೊಂದು ಕನ್ನಡಕ್ಕೆ ಬರಬೇಕಿದೆ. ಅಪಾಯದ ಜಾಗದಿಂದ ಜನರನ್ನು ಹೊರತರುವ ಇವ್ಯಾಕ್ಯುಯೇಷನ್‌ಗೆ ತೆರವು, ಸ್ಥಳಾಂತರ, ರಕ್ಷಣೆ, ಏರ್‌ಲಿಫ್ಟ್ ಎಲ್ಲವೂ ಓಡುತ್ತಿವೆ. ಯಾವುದು ಸರಿ? ‘ನೌಕೆ ರವಾನೆ’ ಅನ್ನಬಹುದೆ?

ಉತ್ತರ: ‘ತೆರವು’ ಬೇಡ ಸರ್. ಕನ್ನಡದಲ್ಲಿ ತೆರವಾಗುವುದು ಜಾಗ, ಜನ ಅಲ್ಲ. ಒತ್ತುವರಿ ತೆರವು ಮಾಡಿಸುತ್ತಾರೆ. ಶಾಸಕರು ರಾಜೀನಾಮೆ ಕೊಟ್ಟರೆ ಸ್ಥಾನ ತೆರವಾಗುತ್ತದೆ. ‘ಕಟ್ಟಡ ತೆರವು’ ಸರಿ, ‘ಭಾರತೀಯರ ತೆರವು’ ಅಂದರೆ ಜೆಸಿಬಿ ಕಣ್ಮುಂದೆ ಬರುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಊರೂ ಕರ್ಮವಾಗುತ್ತದೆ, ಜನರೂ ಆಗುತ್ತಾರೆ. ನಮ್ಮದಕ್ಕೆ ಊರು ಮಾತ್ರ.

‘ಸ್ಥಳಾಂತರ’ ತಪ್ಪಲ್ಲ, ಆದರೆ ಕಚೇರಿಗೂ ಬಸ್ ನಿಲ್ದಾಣಕ್ಕೂ ಅದೇ ಪದ. ಸುಡಾನಿನ ರಾಜಧಾನಿ ಖಾರ್ಟೂಮಿನಿಂದ ಬಂದರು ನಗರ ಪೋರ್ಟ್ ಸುಡಾನಿಗೆ ಬಸ್ಸಿನಲ್ಲಿ ಸುಮಾರು 850 ಕಿ.ಮೀ. ಕರೆತಂದ ಹಂತಕ್ಕೆ ಹೊಂದೀತು.

ಏರ್‌ಲಿಫ್ಟ್ ವಿಷಯದಲ್ಲಂತೂ ಗೊಂದಲವೇ ಗೊಂದಲ. ಮೊದಲ ತಂಡದ 278 ಜನ ಏಪ್ರಿಲ್ 25ರಂದು ಪೋರ್ಟ್ ಸುಡಾನಿನಿಂದ ಸೌದಿ ಅರೇಬಿಯಾದ ಜೆಡ್ಡಾಗೆ ಹೊರಟದ್ದು ಐಎನ್‌ಎಸ್ ಸುಮೇಧಾ ಹಡಗಿನಲ್ಲಿ. ವಿಮಾನ ಹತ್ತಿದ್ದು ಜೆಡ್ಡಾದಲ್ಲಿ. ಕಾಳಗದ ನಡುವಿಂದಲೇ ವಿಮಾನದಲ್ಲಿ ಎತ್ತಿ ತಂದದ್ದು ಬೇರೆ ಪ್ರಸಂಗ: ಖಾರ್ಟೂಮಿನ ಉತ್ತರಕ್ಕಿರುವ ವಾದಿ ಸೈದ್ನಾದಲ್ಲಿ ವಾಯುಪಡೆಯ ಸಿ-130ಜೆ ಸಾರಿಗೆ ವಿಮಾನ ರಾತ್ರಿ ಇಳಿದು 121 ಜನರನ್ನು ಕರೆತಂದಿತ್ತು. ಏರ್‌ಲಿಫ್ಟ್ ಅನ್ನಲೇಬೇಕಿದ್ದರೆ ಅಲ್ಲಿ ಅನ್ನಿ.

ಹಡಗಿನ ಕೆಲಸಕ್ಕೆ ನನ್ನ ಮತ ‘ಪಾರುಗಾಣಿಸು’. ಪಾರ ಅಂದರೆ ಆಚೆ ದಡ. ಪಾರುಗಾಣುವುದೆಂದರೆ ಆ ದಡ ಕಾಣುವುದು. ಯುದ್ಧದಲ್ಲಿ ಸಿಲುಕಿದ್ದವರನ್ನು 2006ರಲ್ಲಿ ಲೆಬನಾನಿನ ಬೈರೂತಿನಿಂದ ಸೈಪ್ರಸ್‌ಗೆ, 2015ರಲ್ಲಿ ಯೆಮೆನಿನ ಏಡನ್‌ನಿಂದ ಜಿಬೂಟಿಗೆ ನೌಕಾಪಡೆ ಮಾಡಿದ್ದು ಅಕ್ಷರಶಃ ಅದನ್ನೇ. ಶೀರ್ಷಿಕೆಗೆ ಉದ್ದವಾದರೆ ‘ಕರೆತಂದರು’ ಸಾಕು. ‘ರಕ್ಷಣಾ ಕಾರ್ಯಾಚರಣೆ’ ಅಂದರೆ ರಕ್ಷಣಾ ಇಲಾಖೆಯ ದಾಳಿಯೋ, ಜೀವ ಉಳಿಸಿದ್ದೋ ತಿಳಿಯದು.

ಇನ್ನು ‘ರವಾನೆ’: ಅದು ಸರಕಿಗೆ. ‘ಎರಡು ನೌಕೆ ರವಾನೆ’ ಅಂದರೆ ಅವನ್ನೂ ಯಾವುದೋ ಹಡಗಿಗೆ ಹೇರಿದಂತಿದೆ. ‘ಕಳಿಸಿತು’ ಅನ್ನಿ, ಹೋಗಿ ಕಾದು ನಿಂತಿದ್ದರೆ ‘ನಿಯೋಜಿಸಿತು’.

ಸುಡಾನಿನಲ್ಲಿ ಸಿಲುಕಿದ್ದ ನಮ್ಮ ಹಕ್ಕಿಪಿಕ್ಕಿ ಬುಡಕಟ್ಟಿನ ಜನರ ಪ್ರಸ್ತಾಪ ಬಂದರೆ ‘ನಿರಾಶ್ರಿತರು’ ಎನ್ನಬೇಡಿ. ಕರ್ನಾಟಕದಲ್ಲಿ ಅವರಿಗೆ ಮನೆಮಠ ಇವೆ. ‘ಸಿಲುಕಿದವರು’ ಸಾಕು.

ಇನ್ನೊಬ್ಬರು: ಒಪ್ಪಿದೆ. ‘ಲಂಗರು ಹಾಕಿತು’ ಬರೆಯುವಾಗಲೂ ಎಚ್ಚರ ಬೇಕು. ಕರಾವಳಿಯಲ್ಲಿ ‘ಧಕ್ಕೆ’ ಅನ್ನುತ್ತೇವಲ್ಲ, ಹಡಗು ಅದಕ್ಕೆ ತಾಗಿ ಹಗ್ಗ ಕಟ್ಟಿ ನಿಂತರೆ ಜನ ಹಲಗೆ ಏರಿ ಒಳಗೆ ಹೋಗುತ್ತಾರೆ. ಲಂಗರು ಹಾಕಿದ್ದರೆ ಹಡಗು ನೀರಿನಲ್ಲೇ ದೂರ ನಿಂತಿದೆ, ಜನ ದೋಣಿಯಲ್ಲಿ ಬರಬೇಕು. ಏಡನ್‌ನಲ್ಲಿ ಎರಡೂ ಆಗಿವೆ: ಐಎನ್‌ಎಸ್ ಸುಮಿತ್ರಾ ಬಂದರಿನ ಒಳಗೇ ಹೋಗಿತ್ತು, ಶೆಲ್ ದಾಳಿಯಿಂದಾಗಿ ಐಎನ್‌ಎಸ್ ಮುಂಬೈ ಹೊರಗೇ ನಿಂತು ಸಣ್ಣ ದೋಣಿಗಳಲ್ಲಿ ಬಂದವರನ್ನು ಹತ್ತಿಸಿಕೊಂಡಿತು. ಎರಡಕ್ಕೂ ‘ಲಂಗರು’ ಅಂದರೆ ಆ ದೋಣಿಗಳೇ ಮಾಯ.