ಬಿಳಿ ಕೊಡೆಯ ಅಣಬೆ, ಸೊರಗಿದ ಟೊಮೇಟೊ: ಜೀವಿಗಳ ವರ್ಗೀಕರಣದ ಬಗ್ಗೆ ಗುಂಪಿನ ಪ್ರಶ್ನೋತ್ತರ

(ಉತ್ತರಿಸುವವರು: ತುಮಕೂರಿನ ಕಾಲೇಜೊಂದರ ಸಸ್ಯಶಾಸ್ತ್ರ ಅಧ್ಯಾಪಕಿ)

ತಿಪಟೂರಿನ ವಿದ್ಯಾರ್ಥಿ: ನಮಸ್ಕಾರ ಮೇಡಂ. ಜೀವಿಗಳನ್ನು ಕುಲ, ಕುಟುಂಬ ಎಂದು ವಿಂಗಡಿಸುವುದರಿಂದ ಪ್ರಯೋಜನವೇನು? ಅಣ್ಣನ ಹಳೆಯ ಪುಸ್ತಕದಲ್ಲಿ ಟೊಮೇಟೊ ಗಿಡವನ್ನು ಲೈಕೊಪರ್ಸಿಕಾನ್ ಎಂದು ಕರೆದಿದ್ದಾರೆ, ನನ್ನ ಪುಸ್ತಕದಲ್ಲಿ ಸೊಲಾನಮ್ ಎಂದಿದೆ. ಹೆಸರೇ ನಿಲ್ಲದ ಮೇಲೆ ಕಲಿಯುವುದೇಕೆ?

ಉತ್ತರ: ಒಂದು ಜೀವಿಯ ಬಗ್ಗೆ ತಿಳಿದದ್ದು ಅದರ ಹತ್ತಿರದ ಬಂಧುಗಳಿಗೂ ಬಹುಮಟ್ಟಿಗೆ ಹೊಂದುತ್ತದೆ, ಆ ಬಂಧುತ್ವವನ್ನು ಗುರುತಿಸುವುದೇ ವರ್ಗೀಕರಣದ ಕೆಲಸ. ಒಂದೊಂದು ಬಗೆಯ ಜೀವಿಯೂ ಒಂದು ಪ್ರಭೇದ, ಹತ್ತಿರದ ಪ್ರಭೇದಗಳ ಗುಂಪು ಕುಲ, ಹತ್ತಿರದ ಕುಲಗಳ ಗುಂಪು ಕುಟುಂಬ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಟೊಮೇಟೊವನ್ನು ಬದನೆ, ಆಲೂಗಡ್ಡೆಗಳೊಂದಿಗೆ ಸೊಲಾನಮ್ ಕುಲಕ್ಕೆ ಸೇರಿಸಿದ. ಮರುವರ್ಷವೇ ಇಂಗ್ಲೆಂಡಿನ ಸಸ್ಯತಜ್ಞ ಮಿಲ್ಲರ್ ಅದನ್ನು ಲೈಕೊಪರ್ಸಿಕಾನ್ ಎಂಬ ಕುಲವಾಗಿ ಬೇರ್ಪಡಿಸಿದ. ಅದು ಆಲೂಗಡ್ಡೆಗೆ ಬಹಳ ಹತ್ತಿರದ್ದೆಂದು ಡಿಎನ್‌ಎ ಹೋಲಿಕೆಗಳು ತೋರಿಸಿದ ಮೇಲೆ ಅದು ಮೊದಲಿನ ಕುಲಕ್ಕೇ ಮರಳಿದೆ. ಹೊಸ ಸಾಕ್ಷ್ಯ ಸಿಕ್ಕಾಗ ಹೆಸರನ್ನು ತಿದ್ದುವುದು ಈ ಶಾಸ್ತ್ರದ ಪ್ರಾಮಾಣಿಕತೆ.

ಚಿಂತಾಮಣಿಯ ಬೆಳೆಗಾರರು: ನಮ್ಮ ಟೊಮೇಟೊ ತೋಟದಲ್ಲಿ ಹಸಿರಾಗಿದ್ದ ಗಿಡಗಳೇ ಎರಡು ಮೂರು ದಿನಗಳಲ್ಲಿ ಸೊರಗಿ ನಿಂತಿವೆ. ಕಿತ್ತು ಮೆಣಸಿನಕಾಯಿ ಹಾಕಬಹುದೇ?

ಉತ್ತರ: ಬೇಡ. ಸೊರಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಮೆಣಸಿನಕಾಯಿ, ಬದನೆ, ಆಲೂಗಡ್ಡೆ ಎಲ್ಲವೂ ಟೊಮೇಟೊ ಕುಟುಂಬದವೇ ಆದ್ದರಿಂದ ಅವಕ್ಕೂ ಆ ರೋಗ ತಗಲುತ್ತದೆ. ರಾಗಿ ಅಥವಾ ಮುಸುಕಿನ ಜೋಳ ಹಾಕಿ. ಆದರೆ ಒಂದೇ ಬೆಳೆಗೆ ಮಣ್ಣು ಶುದ್ಧವಾಗುವುದಿಲ್ಲ. ಬದನೆಯ ಬೇರುಗಿಡಕ್ಕೆ ಟೊಮೇಟೊ ಕಸಿ ಕಟ್ಟಲು ಸಾಧ್ಯವಾಗುವುದೂ ಈ ನೆಂಟಸ್ತನದಿಂದಲೇ.

ಶಿರಾದ ಗೃಹಿಣಿ: ಮಳೆಯಾದ ಮೇಲೆ ತೆಂಗಿನ ತೋಟದ ಹುಲ್ಲಿನಲ್ಲಿ ಬಿಳಿ ಕೊಡೆಯಂತಹ ದೊಡ್ಡ ಅಣಬೆಗಳು ಎದ್ದಿವೆ. ಅತ್ತೆಯವರು ಹುತ್ತದ ಅಣಬೆ ಎನ್ನುತ್ತಾರೆ. ಅರಿಸಿನ ಮತ್ತು ಬೆಳ್ಳಿ ಉಂಗುರ ಹಾಕಿ ಕುದಿಸಿದಾಗ ಬೆಳ್ಳಿ ಕಪ್ಪಾಗದಿದ್ದರೆ ತಿನ್ನಬಹುದೆಂಬ ಸಂದೇಶ ಬಂದಿದೆ. ರಾತ್ರಿ ಸಾರು ಮಾಡಬಹುದೇ?

ಉತ್ತರ: ಅಮ್ಮ, ದಯವಿಟ್ಟು ಇಂದು ಮಾಡಬೇಡಿ. ಬೆಳ್ಳಿಯ ಪರೀಕ್ಷೆ ಶುದ್ಧ ಸುಳ್ಳು. ಹುಳು ತಿಂದಿದ್ದರೆ ಮನುಷ್ಯರೂ ತಿನ್ನಬಹುದೆಂಬುದೂ ಸುಳ್ಳು. ಅಮಾನಿಟಾ ಎಂಬ ಕುಲದ ಕೆಲವು ಅಣಬೆಗಳ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದು ಆರು ಗಂಟೆಗಳಾದರೂ ಏನೂ ಅನಿಸದೆ, ಆಮೇಲೆ ವಾಂತಿ ಭೇದಿಯಾಗಿ, ವಾಸಿಯಾದಂತೆ ಕಂಡು, ಕೊನೆಗೆ ಯಕೃತ್ತು ಕೆಡುತ್ತದೆ.

ಹುತ್ತದ ಅಣಬೆ ಟರ್ಮಿಟೊಮೈಸಿಸ್ ಕುಲದ್ದು. ಅದನ್ನು ಗೆದ್ದಲೇ ಗೂಡಿನಲ್ಲಿ ಬೆಳೆಸುತ್ತದೆ, ಆದ್ದರಿಂದ ಅಗೆದರೆ ಅದರ ಕಾಲು ಬೇರಿನಂತೆ ಗೆದ್ದಲ ಗೂಡಿನವರೆಗೆ ಇಳಿದಿರುತ್ತದೆ. ಹುಲ್ಲಿನಲ್ಲಿ ಏಳುವ ಕ್ಲೋರೊಫಿಲಮ್ ಎಂಬ ವಿಷದ ಅಣಬೆ ಮೇಲ್ನೋಟಕ್ಕೆ ಹಾಗೆಯೇ ಕಂಡರೂ ಬೇರೆ ಕುಟುಂಬದ್ದು. ಅದರ ಕೊಡೆಯ ಮೇಲೆ ಕಂದು ಚಕ್ಕೆಗಳಿರುತ್ತವೆ, ಕಾಲಿಗೆ ಉಂಗುರವಿರುತ್ತದೆ, ತಿಂದವರಿಗೆ ಒಂದರಿಂದ ಮೂರು ಗಂಟೆಗಳೊಳಗೆ ವಿಪರೀತ ವಾಂತಿ ಶುರುವಾಗುತ್ತದೆ. ಆದರೆ ಅಂಗಡಿಯ ಬಟನ್ ಅಣಬೆಯೂ ಈ ಕ್ಲೋರೊಫಿಲಮ್ ಕುಟುಂಬದ್ದೇ. ಆದ್ದರಿಂದ ಇಲ್ಲಿ ಕುಟುಂಬ ತಿಳಿದರೆ ಸಾಲದು, ಪ್ರಭೇದದವರೆಗೂ ಹೋಗಬೇಕು. ಬಲಿತ ಒಂದು ಕೊಡೆಯನ್ನು ಬಿಳಿ ಹಾಳೆಯ ಮೇಲೆ ಕವುಚಿ, ಬಟ್ಟಲು ಮುಚ್ಚಿ, ಬೆಳಗಿನವರೆಗೆ ಬಿಡಿ. ಉದುರುವ ಪುಡಿ ಹಸಿರಾದರೆ ಅದು ಆ ವಿಷದ ಕ್ಲೋರೊಫಿಲಮ್, ಎಲ್ಲವನ್ನೂ ಎಸೆಯಿರಿ. ಬೇರೆ ಬಣ್ಣ ಬಂದರೂ ನನಗೆ ತೋರಿಸದೆ ತಿನ್ನಬೇಡಿ.

ಕೋಲಾರದ ಸದಸ್ಯರು: ನಮ್ಮ ಅಜ್ಜಿಯರು ಲ್ಯಾಟಿನ್ ಹೆಸರು ಕಲಿಯದೆಯೇ ಅಣಬೆ ತಿಂದು ಬಾಳಿದರು. ಚರಕ ಸಂಹಿತೆಯಲ್ಲಿ ಸಸ್ಯಗಳ ನಾಲ್ಕು ವಿಭಾಗಗಳು ಆಗಲೇ ಇದ್ದವು.

ಗೌರಿಬಿದನೂರಿನ ಸದಸ್ಯರು: ಅಣಬೆ ತಿಂದು ಸತ್ತವರ ಲೆಕ್ಕವನ್ನು ಯಾವ ಅಜ್ಜಿ ಬರೆದಿಟ್ಟಿದ್ದಾರೆ, ಸ್ವಾಮಿ? ಎಲ್ಲವೂ ನಮ್ಮಲ್ಲೇ ಇತ್ತು ಎಂಬ ಮಾತು ಸಾಕು.

ಕೋಲಾರದ ಸದಸ್ಯರು: ನಾಲ್ಕು ಪುಸ್ತಕ ಓದಿದ ಮಾತ್ರಕ್ಕೆ ಹಿರಿಯರನ್ನು ಹೀಗಳೆಯಬೇಡಿ.

ಉತ್ತರ: ಇಬ್ಬರೂ ನಿಲ್ಲಿಸಿ. ಹೂವು, ಹಣ್ಣು, ಬೆಳೆಯುವ ರೀತಿ ನೋಡಿ ಮಾಡಿದ ಚರಕ ಸಂಹಿತೆಯ ವಿಂಗಡಣೆ ಗೌರವಕ್ಕೆ ಅರ್ಹವಾದದ್ದು. ಗೆದ್ದಲು, ಕಾಲ, ಕಾಲಿನ ಉದ್ದ ನೋಡಿ ಅಣಬೆ ಆರಿಸಿದ ಅಜ್ಜಿಯೂ ವರ್ಗೀಕರಣವನ್ನೇ ಮಾಡಿದ್ದಾರೆ. ಆದರೆ ಶಿರಾದ ಹೆಸರು ಮುಳಬಾಗಿಲಿನಲ್ಲಿ ಬೇರೆ ಅಣಬೆಗೆ ಇರಬಹುದು. ವೈದ್ಯರಿಗೂ ಸಂಶೋಧಕರಿಗೂ ಎಲ್ಲ ಕಡೆ ಒಂದೇ ಅರ್ಥ ಕೊಡುವ ಹೆಸರು ಬೇಕು.

ಮಧುಗಿರಿಯ ಸದಸ್ಯರು: ಅಣಬೆ ಸಸ್ಯವೇ, ಮೇಡಂ?

ಉತ್ತರ: ಅಲ್ಲ, ಶಿಲೀಂಧ್ರ. ಅಮೆರಿಕದ ಜೀವವಿಜ್ಞಾನಿ ವಿಟೇಕರ್ 1969ರಲ್ಲೇ ಅದಕ್ಕೆ ಪ್ರತ್ಯೇಕ ಸಾಮ್ರಾಜ್ಯ, ಅಂದರೆ ಜೀವಿಗಳ ಬಹುದೊಡ್ಡ ವಿಭಾಗ, ಕೊಟ್ಟಿದ್ದಾರೆ.

ಪಾವಗಡದ ಸದಸ್ಯರು: ವೈರಸ್ ಯಾವ ಸಾಮ್ರಾಜ್ಯಕ್ಕೆ ಸೇರುತ್ತದೆ?

ಮಾಲೂರಿನ ಸದಸ್ಯರು: ಅಣಬೆ ಸಸ್ಯವೇ ಎಂದು ಮಗಳು ಕೇಳುತ್ತಿದ್ದಾಳೆ.

ಉತ್ತರ: ಮೇಲೆ ಓದಿ.

ಶಿಡ್ಲಘಟ್ಟದ ಸದಸ್ಯರು: ಅಣಬೆಯ ವಿಷಕ್ಕೆ ಹುಣಸೆ ನೀರು ಕುಡಿಸಬೇಕಂತೆ. ಎಲ್ಲರಿಗೂ ಕಳುಹಿಸಿ.

ಉತ್ತರ: ಕಳುಹಿಸಬೇಡಿ. ಇಂತಹ ಸಂದೇಶಗಳನ್ನು ಈ ಗುಂಪಿಗೆ ಹಾಕಬೇಡಿ ಎಂದು ಎಷ್ಟು ಸಲ ಹೇಳಬೇಕು? ಹುಣಸೆ ನೀರು ಕುಡಿಸುತ್ತಾ ಕೂತರೆ ಆಸ್ಪತ್ರೆ ಸೇರುವ ಹೊತ್ತು ಮೀರುತ್ತದೆ. ತಿಂದವರನ್ನೂ, ಉಳಿದ ಅಣಬೆಯನ್ನೂ ಒಟ್ಟಿಗೆ ಆಸ್ಪತ್ರೆಗೆ ಒಯ್ಯಿರಿ.

ಶಿರಾದ ಗೃಹಿಣಿ (ಮರುದಿನ ಬೆಳಿಗ್ಗೆ): ಮೇಡಂ, ಹಾಳೆಯ ಮೇಲೆ ಕೊಡೆಯ ಅಡಿಯ ಪದರಗಳ ಅಚ್ಚು ಚಕ್ರದ ಕಡ್ಡಿಗಳಂತೆ ಮೂಡಿದೆ. ಬಣ್ಣ ಮಾಸಲು ಹಸಿರು. ಅತ್ತೆಯವರೂ ನೋಡಿದರು. ಎಲ್ಲವನ್ನೂ ಗುಂಡಿ ತೋಡಿ ಹೂತಿದ್ದೇವೆ.

ಉತ್ತರ: ಮನಸ್ಸಿಗೆ ಸಮಾಧಾನವಾಯಿತು, ಅಮ್ಮ. ಆ ಹಾಳೆಯ ಮೇಲೆ ಊರು, ದಿನಾಂಕ, ಅಣಬೆ ಎದ್ದ ಜಾಗ ಬರೆದು ಮಡಚಿ ಇಡಿ. ಕಾಲೇಜಿನ ಸಂಗ್ರಹಕ್ಕೆ ನನಗೆ ಬೇಕು.

ಪಾವಗಡದ ಸದಸ್ಯರು: ವೈರಸ್ ಬಗ್ಗೆ ನಿನ್ನೆ ಕೇಳಿದ್ದೆ, ಮೇಡಂ.