ಅಪ್‌ಡೇಟ್: ಲಗೇಜ್ ಹೇರಿದಾಗ ನಡುಗುತ್ತಿದ್ದ ಟೂರಿಂಗ್ ಸೈಕಲ್

ಹಿಂದಿನ ಕ್ಯಾರಿಯರ್‌ಗೆ 18 ಕೆಜಿ ಕಟ್ಟಿದರೆ ಇಳಿಜಾರಿನಲ್ಲಿ ಹ್ಯಾಂಡಲ್ ಗಡಗಡ ನಡುಗುತ್ತದೆ, ಈ ಸ್ಟೀಲ್ ಫ್ರೇಮ್ ದೂರದ ಪ್ರಯಾಣಕ್ಕೆ ಆಗುತ್ತದೆಯೇ ಎಂದು ಕೇಳಿದ್ದೆ. ಖಂಡಿತ ಆಗುತ್ತದೆ. ತಪ್ಪು ಫ್ರೇಮಿನದ್ದಲ್ಲ, ಭಾರ ಹಂಚಿದ್ದರದ್ದು.

ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಬಿಗಿ ಮಾಡಿ ಎಂಬ ಸಲಹೆ ಫಲಿಸಲಿಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿದರೆ ಅಲ್ಲಿ ಸಡಿಲವೇ ಇರಲಿಲ್ಲ. ಟೈರಿನ ಗಾಳಿ ಹೆಚ್ಚಿಸಿದ್ದೂ ದಂಡ. ಕೆಲಸ ಮಾಡಿದ್ದು "7 ಕೆಜಿ ಮುಂದಕ್ಕೆ ತನ್ನಿ" ಎಂದವರ ಮಾತು: ಫೋರ್ಕಿಗೆ (ಮುಂದಿನ ಚಕ್ರ ಹಿಡಿಯುವ ಕವಲಿಗೆ) ತಗ್ಗಿನ ರ‍್ಯಾಕ್, ಎರಡೂ ಬದಿಗೆ ಸಮವಾಗಿ 3.5 ಕೆಜಿ, ಚೀಲದ ನಡುಭಾಗ ಸುಮಾರು ಚಕ್ರದ ಆಕ್ಸಲ್ (ಅಚ್ಚು) ಮಟ್ಟಕ್ಕೆ. ನಡುಕ ನಿಂತೇಹೋಯಿತು. ತುಂಬ ಥ್ಯಾಂಕ್ಸ್!

ಗೊತ್ತಿಲ್ಲದೇ ಸಿಕ್ಕಿದ್ದು ಇನ್ನೊಂದು. ಚೀಲ ಬಿಚ್ಚಿದಾಗ ಹಿಂದಿನ ಚಕ್ರದ 36 ಸ್ಪೋಕ್‌ಗಳಲ್ಲಿ ಗೇರ್ ಬದಿಯ ಎರಡು ಮೆತ್ತಗಿದ್ದವು. ಸಡಿಲ ಸ್ಪೋಕ್ ಪ್ರತಿ ಸುತ್ತಿಗೂ ಬಿಗಿದು ಸಡಿಲಗೊಳ್ಳುತ್ತ, ಹಬ್ (ಚಕ್ರದ ನಡುವಿನ ಗುಂಬ) ಹತ್ತಿರದ ಬಾಗಿನಲ್ಲಿ ದಣಿದು ತುಂಡಾಗುತ್ತದೆ. ಹಾಗಾಗಿ ಹೊರಡುವ ಮೊದಲು ಸ್ಪೋಕ್‌ಗಳನ್ನು ಜೋಡಿ ಜೋಡಿಯಾಗಿ ಹಿಂಡಿ ನೋಡಿ. ರ‍್ಯಾಕಿನ ಎಂ5 (5 ಮಿ.ಮೀ.) ಬೋಲ್ಟ್‌ಗಳಿಗೆ, ಅವು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರ್ ಹಚ್ಚಿ.

ಹೊಸದಾಗಿ ಕೊಳ್ಳುವವರು ಚೈನ್‌ಸ್ಟೇ (ಪೆಡಲ್ ಬಳಿಯಿಂದ ಹಿಂದಿನ ಆಕ್ಸಲ್‌ವರೆಗಿನ ಫ್ರೇಮ್ ಕೊಳವೆ) ಅಳೆಯಿರಿ. 45 ಸೆಂ.ಮೀ. ಆಸುಪಾಸು ಇದ್ದರೆ ಹಿಮ್ಮಡಿ ಚೀಲಕ್ಕೆ ತಾಗುವ ಕಾಟ ಕಡಿಮೆ.